ಸಿಗಡಿ ಮರಿಗಳು ಎಲ್ಲಿ ಹೋದವು?

ಪ್ರಶ್ನೆ: ಅಕ್ವೇರಿಯಂನಲ್ಲಿ ಗಪ್ಪಿ ಮೀನುಗಳ ಜೊತೆ ಕೆಂಪು ಚೆರ್ರಿ ಸಿಗಡಿ ಸಾಕಿದ್ದೇನೆ. ಆರ್‌ಓ ನೀರನ್ನೇ ಹಾಕುತ್ತೇನೆ. ಹೆಣ್ಣಿನ ಹೊಟ್ಟೆಯಡಿ ಮೊಟ್ಟೆ ಕಾಣುತ್ತದೆ, ಆಮೇಲೆ ಒಂದು ಮರಿಯೂ ಇಲ್ಲ. ಏನು ಮಾಡಲಿ ಸರ್?
– ಓದುಗರೊಬ್ಬರು, ಹಾಸನ

ಉತ್ತರ: ಗಪ್ಪಿಗಳ ಹೊಟ್ಟೆಯಲ್ಲಿರಬೇಕು, ಇನ್ನೆಲ್ಲಿ ಹೋಗುತ್ತವೆ? ಹುಟ್ಟುವಾಗ ಮರಿಯ ಉದ್ದ ಸುಮಾರು 2 ಮಿಲಿಮೀಟರ್ ಅಷ್ಟೇ. ಬಾಯಿಗೆ ಹಿಡಿಸಿದ್ದನ್ನು ಗಪ್ಪಿ ಬಿಡುವುದಿಲ್ಲ. ತಪ್ಪಿಸಿಕೊಂಡವನ್ನು ಫಿಲ್ಟರ್ ಎಳೆದುಕೊಳ್ಳುತ್ತದೆ. ಮೊದಲು ಮೀನುಗಳಿಗೆ ಬೇರೆ ತೊಟ್ಟಿ ನೋಡಿ. ಏರ್ ಪಂಪಿಗೆ ಸ್ಪಂಜ್ ಫಿಲ್ಟರ್ ಸಿಕ್ಕಿಸಿ. ಒಂದು ಹಿಡಿ ಜಾವಾ ಮಾಸ್ ಎಂಬ ನೀರಿನ ಗಿಡ ಹಾಕಿ, ಮರಿಗಳಿಗೆ ಅದೇ ಮನೆ, ಅದೇ ಊಟದ ತಟ್ಟೆ.

ಬರೀ ಆರ್‌ಓ ನೀರು ಬೇಡವೇ ಬೇಡ. ಅದರಲ್ಲಿ ಖನಿಜ ಇರುವುದಿಲ್ಲ. ಸಿಗಡಿ ಬೆಳೆಯುವುದೇ ಪೊರೆ ಕಳಚಿ. ಕ್ಯಾಲ್ಸಿಯಂ ಸಾಲದಿದ್ದರೆ ಕಳಚುವಾಗಲೇ ಸಾಯುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರವ ಹಾಕಿ ಬಳಸಿ. ವಾರಕ್ಕೊಮ್ಮೆ ಸ್ವಲ್ಪವೇ ಬದಲಿಸಿ. ಬಿದ್ದ ಪೊರೆಯನ್ನು ಸತ್ತ ಸಿಗಡಿ ಅಂತ ತೆಗೆದು ಬಿಸಾಡಬೇಡಿ, ಅವೇ ತಿನ್ನುತ್ತವೆ. ಮೀನಿನ ಔಷಧಿ ಹಾಕುವ ಮುಂಚೆ ಲೇಬಲ್ ಓದಿ. ತಾಮ್ರ ಇದ್ದರೆ ಇಡೀ ತೊಟ್ಟಿಯೇ ಖಾಲಿ!

ಮೊಟ್ಟೆ ಒಡೆಯಲು ಮೂರರಿಂದ ನಾಲ್ಕು ವಾರ ಬೇಕು. ತಾಯಿಯನ್ನು ಹಿಡಿದು ಬೇರೆ ಡಬ್ಬಿಗೆ ಹಾಕುವ ಗೋಜು ಬೇಡ, ಗಾಬರಿಗೆ ಮೊಟ್ಟೆ ಉದುರಿಸಬಹುದು. ಅಂದಹಾಗೆ, ಅಂಗಡಿಯವರು ಅಮಾನೋ ಸಿಗಡಿ ತೋರಿಸಿದರೆ ಮರಿಯ ಆಸೆಗೆ ತರಬೇಡಿ. ಪಾಚಿ ತಿನ್ನುವುದರಲ್ಲಿ ಅದು ಜಾಣ, ನಿಜ. ಆದರೆ ಅದರ ಮರಿಗಳು ಬೆಳೆಯಲು ಉಪ್ಪು ನೀರು ಬೇಕು.