ಮೊದಲನೇ ಚೊಂಬನ್ನ ಹರಿದು ಹಾಕಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಬರೀಬೇಕು ಅನ್ನಿಸ್ತು. ಬರೆದಿರೋದು ಮೈಸೂರಲ್ಲಿ ಬಿವಿಎ (ಚಿತ್ರಕಲೆ ಡಿಗ್ರಿ) ಮೊದಲನೇ ವರ್ಷ ಮುಗಿಸ್ತಿರೋ ಹುಡುಗಿ, ಊರು ತಿಪಟೂರು ಕಡೆ. ಹೆಸರು, ಕಾಲೇಜು ಎರಡೂ ಹಾಕಬೇಡಿ ಸಾರ್ ಅಂದಿದಾರೆ, ಹಾಕ್ತಿಲ್ಲ. ಪತ್ರದ ಸಾರಾಂಶ ಇಷ್ಟು: ವರ್ಷದ ಕೊನೆ ಸಬ್ಮಿಷನ್ ಜೊತೆ ಎರಡು ಪುಟ ಬರ್ಕೊಂಡು ಬನ್ನಿ, ಈ ವರ್ಷ ನಿಮ್ಮ ಕೆಲಸ ಹೇಗೆ ಬೆಳೀತು ಅಂತ, ಅಂದಿದಾರಂತೆ ಮೇಷ್ಟ್ರು. ಮೂರು ರಾತ್ರಿ ಕೂತ್ರೂ "ಈ ವರ್ಷ ನಾನು ಬಹಳಷ್ಟು ಕಲಿತೆ" ಅನ್ನೋ ಒಂದು ಲೈನ್ ಬಿಟ್ಟು ಪೆನ್ನು ಮುಂದಕ್ಕೆ ಹೋಗಿಲ್ಲ. ಹೈಸ್ಕೂಲಲ್ಲಿ ಲೋಯರ್, ಹೈಯರ್ ಎರಡೂ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸ್ ಮಾಡಿ, ಊರಲ್ಲಿ ಗಣೇಶನ ಹಬ್ಬದ ಬ್ಯಾನರ್ ಅಂದ್ರೆ ಅವಳನ್ನ ಕರೀರಿ ಅನ್ನೋ ಹಾಗಿತ್ತು, ಇಲ್ಲಿ ಬಂದು ನೋಡಿದ್ರೆ ಕ್ಲಾಸಲ್ಲಿ ಎಲ್ಲರೂ ತಮಗಿಂತ ಮುಂದೆ. ಜುಲೈನಲ್ಲಿ ಮಾಡಿದ ಚೊಂಬಿನ ಸ್ಟಿಲ್ ಲೈಫ್ (ವಸ್ತುನ ಎದುರಿಗಿಟ್ಟು ನೋಡಿ ಬರೆಯೋ ಚಿತ್ರ) ನೀಟಾಗಿದೆ, ಏಪ್ರಿಲ್‌ನಲ್ಲಿ ಮಾಡಿದ ಚೊಂಬು ಕೊಳಕಾಗಿದೆ, ಅಮ್ಮನೂ ಅದನ್ನೇ ಹೇಳಿದ್ರು. "ನಾನು ಬೆಳೆದಿದೀನಾ ಇಲ್ಲಾ ಹಿಂದಕ್ಕೆ ಹೋಗ್ತಿದೀನಾ ಸಾರ್? ಹಳೇದನ್ನೆಲ್ಲಾ ಹರಿದು ಹಾಕಿ ಹೊಸದಾಗಿ ಶುರು ಮಾಡ್ಲಾ?" ಅಂತ ಕೇಳಿ, ಕೆಲಸಗಳ ಫೋಟೋ ಆರು ಕಳಿಸಿದಾರೆ.

ನೋಡಮ್ಮ, ನಿಮಗೆ ನನ್ನ ಮಗಳ ವಯಸ್ಸು, ಆದ್ರೂ ಪತ್ರಿಕೇಲಿ ಓದುಗರನ್ನ ಏಕವಚನದಲ್ಲಿ ಕರೆದು ಅಭ್ಯಾಸ ಇಲ್ಲ, ನೀವು ಅಂತಾನೇ ಅಂತೀನಿ. ನಾನು ಕಲಾವಿದ ಅಲ್ಲ, ವಿಮರ್ಶಕನೂ ಅಲ್ಲ. ಇಪ್ಪತ್ತು ವರ್ಷದಿಂದ ಕಥೆಗಳಿಗೆ ಚಿತ್ರ ಬರೆಸ್ತಾ, ಕಲಾವಿದರ ಜೊತೆ ಜಗಳ ಆಡ್ತಾ, ಅವರ ಟೀ ಬಿಲ್ ಕಟ್ತಾ ಬಂದಿರೋನು ಅಷ್ಟೇ. ಹಾಗಾಗಿ ಉಪ್ಪು ಹುಳಿ ನೋಡ್ಕೊಂಡು ತಗೊಳ್ಳಿ.

ಎರಡು ಚೊಂಬಿನ ಫೋಟೋನೂ ಪಕ್ಕಪಕ್ಕ ಪ್ರಿಂಟ್ ತೆಗೆಸಿ ಟೇಬಲ್ ಮೇಲೆ ಇಟ್ಕೊಂಡು ನೋಡ್ದೆ. ಜುಲೈ ಚೊಂಬು ನೀಟಾಗಿದೆ, ಅಮ್ಮ ಹೇಳಿದ್ದು ನಿಜ. ಸುತ್ತ ಕಪ್ಪಗೆ ಒಂದೇ ದಪ್ಪದ ಗೆರೆ, ಒಳಗೆ ಬೆರಳಲ್ಲಿ ಉಜ್ಜಿ ಉಜ್ಜಿ ಪೌಡರ್ ಹಚ್ಚಿದ ಹಾಗೆ ಮಾಡಿರೋ ಶೇಡಿಂಗ್. ಆದ್ರೆ ಅದರ ಬಾಯಿ ನೋಡಿ, ಎರಡೂ ತುದಿ ನಿಂಬೆಹಣ್ಣಿನ ಥರ ಚೂಪಾಗಿದೆ. ದುಂಡನೆ ಬಾಯಿ ಯಾವ ಕೋನದಿಂದ ನೋಡಿದ್ರೂ ತುದೀಲಿ ಚೂಪಾಗಲ್ಲ, ತಿರುಗುತ್ತೆ. ಇನ್ನು ತಳ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿದೆ. ಯಾಕೆ ಹಾಗೆ ಬರೆದ್ರಿ ಗೊತ್ತಾ, ಚೊಂಬು ಟೇಬಲ್ ಮೇಲೆ ಸಮವಾಗಿ ಕೂತಿದೆ ಅಂತ ನಿಮಗೆ ಗೊತ್ತಿತ್ತು, ಗೊತ್ತಿದ್ದನ್ನ ಬರೆದ್ರಿ. ಕಣ್ಣು ಮೇಲಿದ್ದು ಚೊಂಬು ಕೆಳಗಿದ್ರೆ ಬಾಯಿಗಿಂತ ತಳಾನೇ ಇನ್ನೂ ಜಾಸ್ತಿ ದುಂಡಗೆ ಬಾಗಿ ಕಾಣುತ್ತೆ, ನಂಬಿಕೆ ಇಲ್ದೇ ಇದ್ರೆ ಅಡುಗೆ ಮನೇಲಿ ಒಂದು ಗಾಜಿನ ಲೋಟ ಇಟ್ಟು ನೋಡಲಿ ಯಾರಾದ್ರೂ. ಜುಲೈ ಚೊಂಬು ಕೂತಿರೋದು ಬಟ್ಟೆ ಮೇಲೂ ಅಲ್ಲ, ಗಾಳೀಲಿ, ನೆರಳು ಬೇರೆ ಎಲ್ಲೋ ಬಿದ್ದಿದೆ.

ಈಗ ಏಪ್ರಿಲ್ ಚೊಂಬು. ಹೌದು ಕೊಳಕು. ಪೇಪರ್ ಒಂದು ಕಡೆ ಅಳಿಸಿ ಅಳಿಸಿ ನೂಲು ಎದ್ದಿದೆ, ಬಟ್ಟೆ ಮಡಿಕೆ ಎಲ್ಲಾ ಇದ್ದಿಲು ಚೆಲ್ಲಿದ ಹಾಗಿದೆ, ಚೊಂಬು ಎಡಕ್ಕೆ ಸ್ವಲ್ಪ ವಾಲಿದೆ ಕೂಡ. ಆದ್ರೆ ಬಾಯಿ ಹತ್ರ ಐದಾರು ತೆಳು ಗೆರೆ ಇದಾವೆ, ಒಂದು ಸಲ ಎಳೆದು, ಅಲ್ಲ ಅಂತ ಅನ್ನಿಸಿ, ಇನ್ನೊಂದು ಸಲ ಎಳೆದು ಹುಡುಕಿದೀರ. ತಳ ಬಾಗಿದೆ. ನೆರಳಿನ ಕಡೆ, ಎಲ್ಲಕ್ಕಿಂತ ಕಪ್ಪಗಿರಬೇಕು ಅಂತ ಎಲ್ಲರೂ ಅಂದ್ಕೊಳ್ಳೋ ಆ ಅಂಚಲ್ಲಿ, ಕತ್ತಲೆ ಒಂದು ಚೂರು ತಿಳಿಯಾಗಿದೆ, ಬಿಳಿ ಬಟ್ಟೆಯಿಂದ ಬೆಳಕು ವಾಪಸ್ ಚೊಂಬಿಗೆ ಬಡಿದಿರೋದು ಅದು. ಅದನ್ನ ಯಾರೂ ಊಹೆ ಮಾಡಿ ಬರೆಯೋಕಾಗಲ್ಲ, ಕೂತು ನೋಡಿದೋರಿಗೆ ಮಾತ್ರ ಸಿಗೋದು. ಜುಲೈನಲ್ಲಿ ನೀವು ಚೊಂಬು ಅನ್ನೋ ಪದ ಬರೆದಿದ್ರಿ, ಏಪ್ರಿಲ್‌ನಲ್ಲಿ ನಿಮ್ಮ ಎದುರು ಇದ್ದ ಆ ಚೊಂಬನ್ನ ಬರೆದಿದೀರ. ಅಮ್ಮನಿಗೆ ಇದು ಕಾಣಲಿಲ್ಲ ಅಂತ ಬೇಜಾರು ಬೇಡ, ನಮ್ಮ ಆಫೀಸಲ್ಲೂ ನಾಲ್ಕು ಜನರಿಗೆ ತೋರಿಸ್ದೆ, ಮೂರು ಜನ ಜುಲೈದೇ ಚೆನ್ನಾಗಿದೆ ಅಂದ್ರು. ಪೇಜ್ ಡಿಸೈನ್ ಮಾಡೋ ಹುಡುಗ ಒಬ್ಬ ಮಾತ್ರ ಏಪ್ರಿಲ್ ಶೀಟ್ ಹಿಡ್ಕೊಂಡು ಸುಮ್ನೆ ನಿಂತಿದ್ದ.

ಹರಿದು ಹಾಕ್ಲಾ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನದೇ ಒಂದು ಕಥೆ ಹೇಳ್ಬೇಕು. ನಾನೂ ಹಾಸನ ಕಡೆ ಒಂದು ಹೈಸ್ಕೂಲಲ್ಲಿ ಲೋಯರ್ ಗ್ರೇಡ್‌ಗೆ ಕೂತಿದ್ದೆ. ನೆನಪಿನ ಚಿತ್ರಕ್ಕೆ ತಯಾರಿ ಅಂತ ಡ್ರಾಯಿಂಗ್ ಮೇಷ್ಟ್ರು ಬಸ್ ಸ್ಟ್ಯಾಂಡ್ ಬರೀರೋ ಅಂದ್ರು. ನಾನು ಬರೆದ ಬಸ್ ಸ್ಟ್ಯಾಂಡಲ್ಲಿ ಒಬ್ಬರಿಗೂ ಕೈ ಇರ್ಲಿಲ್ಲ. ಒಬ್ಬ ಜೇಬಲ್ಲಿ ಇಟ್ಕೊಂಡಿದ್ದ, ಒಬ್ಬಳು ಸೆರಗಲ್ಲಿ, ಇನ್ನೊಬ್ಬ ಚೀಲದ ಹಿಂದೆ, ಕಂಡಕ್ಟರ್‌ದು ಬೆನ್ನ ಹಿಂದೆ, ಅವನು ಟಿಕೆಟ್ ಹೆಂಗೆ ಕೊಡ್ತಿದ್ದ ಅಂತ ದೇವರಿಗೇ ಗೊತ್ತು. ಪಾದಗಳೂ ಅಷ್ಟೇ, ಬಸ್ ಸ್ಟ್ಯಾಂಡ್ ತುಂಬಾ ಹುಲ್ಲು ಬೆಳೆಸಿದ್ದೆ. ಮೇಷ್ಟ್ರು ನೋಡಿ "ಏನೋ, ಊರಲ್ಲಿ ಯಾರಿಗೂ ಕೈ ಇಲ್ವಾ?" ಅಂದ್ರು, ಇಡೀ ಕ್ಲಾಸ್ ನಕ್ತು. ಪರೀಕ್ಷೆ ಹೇಗೋ ಪಾಸಾಯ್ತು. ಆದ್ರೆ ಪಿಯುಸಿಗೆ ಹೋಗೋ ಮುಂಚೆ ಆ ಶೀಟುಗಳನ್ನೆಲ್ಲಾ ಯಾರಾದ್ರೂ ನೋಡಿದ್ರೆ ಮಾನ ಹೋಗುತ್ತೆ ಅಂತ ಒಂದು ಭಾನುವಾರ ಬಚ್ಚಲ ಒಲೆಗೆ ತುರುಕಿಬಿಟ್ಟೆ, ಅವತ್ತು ಮನೇಲಿ ಎಲ್ಲರಿಗೂ ಬಿಸಿನೀರು ಚೆನ್ನಾಗಿ ಕಾಯ್ತು. ಈಗ ನನ್ನ ಹತ್ರ ಒಂದೇ ಒಂದು ಹಾಳೆ ಇಲ್ಲ. ಕೈ ಬರೆಯೋಕೆ ಹೆದರ್ತಿದ್ದ ಆ ಹುಡುಗ ಮುಂದೆ ಯಾವತ್ತಾದ್ರೂ ಬರೆದನಾ ಇಲ್ವಾ ಅಂತ ನೋಡೋಣ ಅಂದ್ರೂ ನೋಡೋಕಾಗಲ್ಲ.

ಈ ಕಥೆ ಯಾಕೆ ಹೇಳ್ದೆ ಅಂದ್ರೆ, ನಿಮ್ಮ ಆರು ಫೋಟೋದಲ್ಲಿ ಎರಡು ದೇವರಾಜ ಮಾರ್ಕೆಟ್ ಸ್ಕೆಚ್ ಇದಾವೆ. ಆಗಸ್ಟ್‌ದು ಒಂದು, ಫೆಬ್ರವರಿದು ಒಂದು. ಆಗಸ್ಟ್‌ದರಲ್ಲಿ ಹೂವಿನವರ ಕೈ ಎಲ್ಲಾ ಬುಟ್ಟಿ ಒಳಗೆ! ನಂಗೆ ಎಷ್ಟು ನಗು ಬಂತು ಅಂದ್ರೆ ಹಳೇ ನೆಂಟರು ಸಿಕ್ಕಿದ ಹಾಗಾಯ್ತು. ಫೆಬ್ರವರಿ ಸ್ಕೆಚ್‌ನಲ್ಲಿ ಮಲ್ಲಿಗೆ ಕಟ್ತಿರೋ ಹೆಂಗಸಿನ ಎರಡೂ ಕೈ ಬರೆದಿದೀರ. ಚೆನ್ನಾಗಿ ಬಂದಿಲ್ಲ, ಬೆರಳುಗಳು ಎಳೇ ಬದನೆಕಾಯಿ ಥರ ಇದಾವೆ, ಹೆಬ್ಬೆರಳು ಯಾವ ಕಡೆ ಇದೆ ಅಂತ ಗೊತ್ತಾಗಲ್ಲ. ಆದ್ರೆ ದಾರ ಎಳೆಯೋಕೆ ಮಣಿಕಟ್ಟು ತಿರುಗಿರೋದು ಗೊತ್ತಾಗುತ್ತೆ. ನಿಮ್ಮ ಎರಡು ಪುಟದ ಮೊದಲನೇ ಪ್ಯಾರಾ ಇಲ್ಲಿದೆ ಅಂತ ನನಗನ್ನಿಸೋದು. ಏನೇನು ಬರೋಕೆ ಶುರುವಾಯ್ತು ಅಂತ ಹುಡುಕೋ ಬದಲು, ಏನೇನು ಬಚ್ಚಿಡ್ತಿದ್ರಿ, ಯಾವ ತಿಂಗಳು ಬಚ್ಚಿಡೋದು ಬಿಟ್ರಿ ಅಂತ ಶೀಟುಗಳನ್ನ ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿ ನೋಡಿ. ಕೈ ಇರಬಹುದು, ಹಿನ್ನೆಲೆ ಇರಬಹುದು, ಪೂರ್ತಿ ಕಪ್ಪು ಟೋನ್ ಇರಬಹುದು (ಹೆದರಿಕೆಗೆ ಬೂದಿ ಬಣ್ಣದಲ್ಲೇ ನಿಲ್ಲಿಸೋರು ಬಹಳ ಜನ).

ಮತ್ತೆ ಬರೆಯುವಾಗ "ಆತ್ಮವಿಶ್ವಾಸ ಹೆಚ್ಚಾಯಿತು", "ಸೃಜನಶೀಲತೆ ಬೆಳೆಯಿತು" ಇಂಥವೆಲ್ಲ ದಯವಿಟ್ಟು ಬೇಡ. ನಿಮ್ಮ ಮೇಷ್ಟ್ರು ಅವತ್ತು ಅಂಥ ನಲವತ್ತು ಪೇಪರ್ ಓದಬೇಕು, ಪಾಪ ಅವರೂ ಮನುಷ್ಯರೇ. ಒಂದೇ ಒಂದು ಚೊಂಬು ತಗೊಳ್ಳಿ, ಎಲ್ಲಿ ತಪ್ಪಿತು, ತಪ್ಪು ಅಂತ ಹೇಗೆ ಗೊತ್ತಾಯ್ತು, ಆಮೇಲೆ ಏನು ಮಾಡಿದ್ರಿ, ಇನ್ನೂ ಯಾಕೆ ವಾಲಿದೆ, ಬರೀರಿ. ಕೈ ಉದ್ದಕ್ಕೆ ಚಾಚಿ ಒಂದು ಕಣ್ಣು ಮುಚ್ಚಿ ಪೆನ್ಸಿಲ್‌ನಲ್ಲಿ ಅಳತೆ ತಗೊಳ್ಳೋವಾಗ ಮೊಣಕೈ ಮಡಚ್ತಿದ್ದೆ, ಅದಕ್ಕೆ ಅಳತೆ ಪ್ರತಿ ಸಲ ಬೇರೆ ಬರ್ತಿತ್ತು ಅಂತ ನಿಮ್ಮ ಪತ್ರದಲ್ಲೇ ಒಂದು ಕಡೆ ಬರೆದಿದೀರಲ್ಲ, ಆ ಒಂದು ವಾಕ್ಯಕ್ಕೆ ನಾನಾಗಿದ್ರೆ ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ.

ಕ್ಲಾಸಲ್ಲಿ ಎಲ್ಲರೂ ಮುಂದೆ ಅಂತೀರ. ಒಬ್ಬ ಹುಡುಗ ಮೊಬೈಲ್ ನೋಡ್ಕೊಂಡು ಅರ್ಧ ಗಂಟೇಲಿ ಸಿನಿಮಾ ಸ್ಟಾರ್ ಪೋರ್ಟ್ರೇಟ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕ್ತಾನೆ, ಸಾವಿರ ಲೈಕ್ ಬರುತ್ತೆ ಅಂತ ಬರೆದಿದೀರ. ಒಳ್ಳೇದೇ, ಕೈ ಪಳಗಿದೆ ಅವನಿಗೆ. ಆದ್ರೆ ಫೋಟೋದಲ್ಲಿ ಮೂಗು ಆಗಲೇ ಚಪ್ಪಟೆ ಆಗಿರುತ್ತೆ, ಆ ಕಷ್ಟದ ಕೆಲಸಾನ ಕ್ಯಾಮೆರಾ ಮುಗಿಸಿ ಕೊಟ್ಟಿರುತ್ತೆ. ಎದುರಿಗೆ ಕೂತ ಮನುಷ್ಯ ಉಸಿರಾಡ್ತಾನೆ, ತಲೆ ತುರಿಸ್ಕೋತಾನೆ, ಬಿಸಿಲು ಜರುಗುತ್ತೆ. ಇಬ್ಬರ ಓಟಾನೂ ಒಂದೇ ಗ್ರೌಂಡಲ್ಲಿ ಇಲ್ಲ, ಯಾರು ಮುಂದೆ ಅಂತ ಅಳೆಯೋದು ಹೇಗೆ?

ಹಾಗಂತ ಕಾಪಿ ಮಾಡೋದೇ ತಪ್ಪು ಅಂತಲ್ಲ. ನೀವು ಲೈಬ್ರರಿ ಪುಸ್ತಕ ಇಟ್ಕೊಂಡು ಹಳೇ ಮಾಸ್ಟರ್‌ಗಳ ಡ್ರಾಯಿಂಗ್ ಕಾಪಿ ಮಾಡಿದ್ದಕ್ಕೆ ಜ್ಯೂರಿಯಲ್ಲಿ (ಮೇಷ್ಟ್ರುಗಳು ಒಟ್ಟಿಗೆ ಕೂತು ಕೆಲಸ ನೋಡೋ ಕಡೆ) ಯಾರೋ ಕೊಂಕು ಮಾತಾಡಿದ್ರಂತೆ. ವ್ಯಾನ್ ಗೋ 1880ರಲ್ಲಿ, 27 ವರ್ಷಕ್ಕೆ, ಇನ್ಮೇಲೆ ನಾನು ಕಲಾವಿದ ಅಂತ ತೀರ್ಮಾನ ಮಾಡಿ ಬೆಲ್ಜಿಯಂನ ಗಣಿ ಸೀಮೇಲಿ ಕೂತು ಮೊದಲು ಮಾಡಿದ್ದೇ ಕಾಪಿ. ಶಾರ್ಲ್ ಬಾರ್ಗ್ ಅನ್ನೋರ ಡ್ರಾಯಿಂಗ್ ಕೋರ್ಸಿನ ಹಾಳೆಗಳನ್ನ ಒಂದಾದ ಮೇಲೊಂದು ಬರೆದ. ಇನ್ನೂ ಮಜಾ ಏನಂದ್ರೆ 1890ರಲ್ಲಿ, ತೀರಿಹೋದ ವರ್ಷ, ಅಷ್ಟೆಲ್ಲಾ ಚಿತ್ರ ಬರೆದ ಮೇಲೂ, ಅದೇ ಹಾಳೆಗಳನ್ನ ಮತ್ತೆ ತೆಗೆದು ಕಾಪಿ ಮಾಡಿದಾನೆ. ಮಧ್ಯೆ 1882ರಲ್ಲಿ ನೆದರ್ಲೆಂಡ್ಸಿನ ಹೇಗ್ ಊರಲ್ಲಿದ್ದಾಗ ದಾರ ಬಿಗಿದ ಒಂದು ಚೌಕಟ್ಟು ಮಾಡಿಸ್ಕೊಂಡು, ಅದನ್ನ ಸಮುದ್ರ ದಂಡೇಲಿ ನೆಟ್ಟು, ಕಿಟಕಿ ಥರ ಅದರೊಳಗಿಂದ ನೋಡಿ ಅಳತೆ ಹಿಡೀತಿದ್ದ. ನಿಮ್ಮ ಮೊಣಕೈ ಸಮಸ್ಯೆ ಅವನಿಗೂ ಇತ್ತು ಅಂದ್ಕೊಳ್ಳಿ.

ನಮ್ಮೋರೇ ಬೇಕು ಅಂದ್ರೆ ಉಡುಪಿ ಹತ್ರ ಕಟ್ಟಿಂಗೇರಿಯ ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರ್. ಮುಂಬೈನ ಜೆ.ಜೆ. ಆರ್ಟ್ ಸ್ಕೂಲಲ್ಲಿ ಓದಿ, ಅಲ್ಲೇ ಪಾಠಾನೂ ಮಾಡಿದೋರು, ಪ್ಯಾರಿಸ್‌ಗೂ ಹೋಗಿ ಬಂದೋರು. ಅಂಥೋರು ಲಯ ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ ಎರಡು ವರ್ಷ ಕಥಕ್ ಕಲಿತರು. ಆಮೇಲಿನ ಅವರ ರೇಖಾಚಿತ್ರ ನೋಡಿ, ಒಂದೇ ಗೆರೆ ಕಾಲಿಂದ ಶುರುವಾಗಿ ಸೊಂಟ ಬಳಸಿ ಬೆರಳ ತುದೀಲಿ ಮುಗಿಯುತ್ತೆ. ಕಾಲೇಜಿನ ಎರಡು ಪುಟಕ್ಕೆ ಇದು ಹೊರಗಿನ ವಿಷಯ ಅನ್ನಿಸಬಹುದು, ಆದ್ರೆ ನಿಮ್ಮ ಪತ್ರದಲ್ಲಿ "ಹಾಸ್ಟೆಲ್ ಅಡುಗೆಯವರು ಮುದ್ದೆ ಕಟ್ಟೋದು ನೋಡ್ತಾ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ" ಅಂತ ಸುಮ್ನೆ ಒಂದು ಲೈನ್ ಇದೆ. ಅದನ್ನ ಯಾಕೆ ಬರೀಬಾರದು? ಹೂ ಕಟ್ಟೋ ಕೈ ಬಂದಿದ್ದು ಅಲ್ಲಿಂದಾನೇ ಇರಬಹುದು.

ಆಮೇಲೆ ಕೆ. ವೆಂಕಟಪ್ಪ ಇದಾರೆ, ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ರ ಕಲಿತು ಬಂದ ನಮ್ಮ ಮೈಸೂರಿನೋರು, ಊಟಿ, ಕೊಡೈಕೆನಾಲ್‌ನ ಜಲವರ್ಣ ಚಿತ್ರಗಳಿಗೆ ಹೆಸರಾದೋರು. ವೀಣೆ ನುಡಿಸ್ತಿದ್ರು, ಡೈರಿನೂ ಬರೀತಿದ್ರು. ನೀವೂ ಒಂದು ಡೈರಿ ಇಟ್ಟಿದ್ರೆ ಈಗ ಮೂರು ರಾತ್ರಿ ನಿದ್ದೆ ಕೆಡ್ತಿರ್ಲಿಲ್ಲ. ದೊಡ್ಡದಾಗಿ ಏನೂ ಬೇಡ, ಶೀಟ್ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು, ಎಷ್ಟು ಹೊತ್ತು ಹಿಡೀತು, ಎಲ್ಲಿ ತಲೆ ಕೆಡ್ತು, ಮೂರು ಲೈನ್ ಸಾಕು.

ಮೈಸೂರಲ್ಲೇ ಇದೀರ, ಜಗನ್ಮೋಹನ ಅರಮನೆಗೆ ಹೋಗಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರ್ತೀರ. ಅರ್ಧ ಊರು ಅದನ್ನ ರವಿವರ್ಮಂದು ಅನ್ನುತ್ತೆ, ಅದು ಎಸ್.ಎಲ್. ಹಲ್ದಣ್ಕರ್ ಅವರದ್ದು, ಅದೂ ಜಲವರ್ಣದಲ್ಲಿ. ಇನ್ನೊಂದು ಸಲ ಹೋಗಿ. ಎಲ್ಲರೂ ಮುಖ ನೋಡ್ತಾರೆ, ನೀವು ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿ ನೋಡಿ, ಅಲ್ಲಿ ಬೆಳಕು ಚರ್ಮದೊಳಗಿಂದ ಕೆಂಪಗೆ ಬರುತ್ತಲ್ಲ, ಅದನ್ನ ನೋಡಿ. ನಿಮ್ಮ ಚೊಂಬಿನ ಅಂಚಲ್ಲಿ ಬೆಳಕು ವಾಪಸ್ ಬಂದಿದ್ದನ್ನ ಹಿಡಿದಿದೀರ, ಈಗ ಆ ಚಿತ್ರ ನಿಮಗೆ ಹೋದ ವರ್ಷ ಕಂಡ ಹಾಗೆ ಕಾಣಲ್ಲ. ಕಂಡಿದ್ದನ್ನ ಬಂದು ಬರೆದ್ರೆ ಎರಡನೇ ಪುಟಾನೂ ಮುಗೀತು.

ಚಾರ್ಕೋಲ್ ದುಬಾರಿ, ಅಪ್ಪನ್ನ ಪದೇ ಪದೇ ದುಡ್ಡು ಕೇಳೋಕೆ ಸಂಕೋಚ ಅಂದಿದ್ರಿ. ಮೈಸೂರು ಶೈಲಿಯ ಹಳೇ ಚಿತ್ರಗಾರರು ಹುಣಸೆ ಕಡ್ಡೀನ ಕಬ್ಬಿಣದ ಕೊಳವೇಲಿ ಹಾಕಿ ಸುಟ್ಟು ಇದ್ದಿಲು ಕಡ್ಡಿ ಮಾಡ್ಕೋತಿದ್ರು. ರಜಕ್ಕೆ ಊರಿಗೆ ಹೋದಾಗ ಒಂದು ತಗಡಿನ ಡಬ್ಬೀಲಿ ಬೆರಳುದ್ದದ ಹುಣಸೆ ಕಡ್ಡಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೇಲಿ ಸಣ್ಣ ತೂತು ಮಾಡಿ, ಕೆಂಡದಲ್ಲಿ ಇಟ್ಟು ನೋಡಿ. ತೂತಿಂದ ಹೊಗೆ ಬರೋದು ನಿಂತ ಮೇಲೆ ತೆಗೆದು, ಪೂರ್ತಿ ಆರೋ ತನಕ ಮುಚ್ಚಳ ತೆಗೀಬೇಡಿ, ಗಾಳಿ ತಗುಲಿದ್ರೆ ಬೂದಿ ಆಗುತ್ತೆ. ಹೊರಗೆ ಅಂಗಳದಲ್ಲಿ ಮಾಡಿ, ಪಕ್ಕದಲ್ಲಿ ದೊಡ್ಡೋರು ಯಾರಾದ್ರೂ ಇರ್ಲಿ. ಮೊದಲನೇ ಡಬ್ಬಿ ಹಾಳಾಗುತ್ತೆ, ಆಗ್ಲಿ.

ಸಬ್ಮಿಷನ್ ಮುಗಿದ ಮೇಲೆ ಎರಡು ಚೊಂಬನ್ನೂ ನಮಗೆ ಕಳಿಸಿಕೊಡಿ, ಪಕ್ಕಪಕ್ಕ ಹಾಕೋ ಆಸೆ ಇದೆ, ಹೆಸರು ಇಲ್ದೇನೇ. ವಾಟ್ಸಾಪ್ ಫೋಟೋ ಬೇಡ, ಪ್ರಿಂಟಿಗೆ ಆಗಲ್ಲ, ಸ್ಕ್ಯಾನ್ ಮಾಡಿಸಿ 300 ಡಿಪಿಐನಲ್ಲಿ ಮೇಲ್ ಮಾಡಿ. ನೂಲು ಎದ್ದಿರೋ ಜಾಗಾನ ಫೋಟೋಶಾಪಲ್ಲಿ ಕ್ಲೀನ್ ಮಾಡಿಸ್ಬೇಡಿ. ಸಂಭಾವನೆ ನಮ್ಮದು ಎಷ್ಟು ಅಂತ ಕೇಳಿದ್ರೆ ನಗ್ತೀರ, ಆದ್ರೂ ಒಂದೆರಡು ತಿಂಗಳಿನ ಪೇಪರ್ ಖರ್ಚಿಗೆ ಆಗಬಹುದು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಜುಲೈ ಚೊಂಬಿಗೆ ಅವರ ವೋಟು ಬಿದ್ದಿದ್ದನ್ನೂ ಕೆಳಗೆ ಒಂದು ಲೈನ್ ಹಾಕ್ತೀವಿ.

ಸಂಪಾದಕ