ಜಪಸರ ಹಿಡಿದರೆ ನಿದ್ದೆ ಬರುತ್ತೆ, ಫಾದರ್

ಪ್ರಶ್ನೆ: ಫಾದರ್, ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಮಕ್ಕಳ ಡಬ್ಬಿ, ಹಾಸಿಗೆ ಹಿಡಿದಿರುವ ಅತ್ತೆಯ ಮೈ ಒರೆಸೋದು, ಎಲ್ಲ ಮುಗಿಸಿ ಓಡಬೇಕು. ಯಜಮಾನರು ಆಟೋ ಓಡಿಸುತ್ತಾರೆ. ರಾತ್ರಿ ಜಪಸರ ಹಿಡಿದರೆ ಇಪ್ಪತ್ತು ಮಣಿ ದಾಟೋದರೊಳಗೆ ನಿದ್ದೆ. ಮದುವೆಗೆ ಮುಂಚೆ ಕಾನ್ವೆಂಟ್ ಸೇರಿ ಸಿಸ್ಟರ್ ಆಗುವ ಆಸೆ ಇತ್ತು, ಮನೆಯಲ್ಲಿ ಬಿಡಲಿಲ್ಲ. ಸೇರಿದ್ದರೆ ದೇವರಿಗೆ ಹತ್ತಿರ ಇರುತ್ತಿದ್ದೆನೇನೋ. ಸಂಸಾರದಲ್ಲಿದ್ದುಕೊಂಡು ಪವಿತ್ರರಾಗಿ ಬಾಳೋದು ಆಗುವ ಮಾತಾ?

ಉತ್ತರ: ಅಮ್ಮಾ, ಮೊದಲು ನಿದ್ದೆ ವಿಷಯ ಮುಗಿಸಿಬಿಡೋಣ. ಲಿಸಿಯುವಿನ ಸಂತ ತೆರೇಸಾ ಕಾನ್ವೆಂಟಿನೊಳಗೇ ಇದ್ದವರು. ಅಲ್ಲಿ ಡಬ್ಬಿ ಕಟ್ಟೋದಿಲ್ಲ, ಟಾರ್ಗೆಟ್ ಇಲ್ಲ. ಆದರೂ ಪ್ರಾರ್ಥನೆಗೆ ಕೂತರೆ ಅವರಿಗೂ ನಿದ್ದೆ ಬರುತ್ತಿತ್ತು. ಮಕ್ಕಳು ಮಲಗಿದ್ದರೂ ಎದ್ದಿದ್ದರೂ ಹೆತ್ತವರಿಗೆ ಮುದ್ದೇ ಅಲ್ವಾ ಅನ್ನೋ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಹಾಗಾಗಿ ಕಾನ್ವೆಂಟ್ ಸೇರಿದ್ದರೂ ನೀವು ತೂಕಡಿಸುತ್ತಿದ್ದಿರಿ ಅಂತಲೇ ನನ್ನ ಲೆಕ್ಕ.

ಆದರೆ ನಿಮಗೆ ಹೇಳಬೇಕಾಗಿರೋದು ಆ ತೆರೇಸಾ ಅವರ ಅಪ್ಪ ಅಮ್ಮನ ಕತೆ. ಲೂಯಿ ಮಾರ್ಟಿನ್, ಜೆಲಿ. ಫ್ರಾನ್ಸಿನ ಅಲಾನ್ಸೋನ್ ಊರಿನವರು. ಇಬ್ಬರಿಗೂ ನಿಮ್ಮ ಹಾಗೇ ಮಠ ಸೇರುವ ಆಸೆ. ಲೂಯಿಗೆ ಲ್ಯಾಟಿನ್ ಬಾರದು ಅಂತ ವಾಪಸ್ ಕಳಿಸಿದರು, ಜೆಲಿಯನ್ನೂ ಕಾನ್ವೆಂಟಿನವರು ಸೇರಿಸಿಕೊಳ್ಳಲಿಲ್ಲ. 1858ರಲ್ಲಿ ಇವರಿಬ್ಬರ ಮದುವೆ ಆಯಿತು. ಒಂಬತ್ತು ಮಕ್ಕಳು, ಅದರಲ್ಲಿ ನಾಲ್ವರು ಚಿಕ್ಕವಯಸ್ಸಿನಲ್ಲೇ ತೀರಿಕೊಂಡರು.

ಜೆಲಿ ಮಾಡುತ್ತಿದ್ದದ್ದು ಲೇಸ್ ಕೆಲಸ, ಅಂದರೆ ಒಂಥರಾ ನಿಮ್ಮ ಕಸುಬೇ. ಆ ಊರಿನ ಲೇಸನ್ನು ಒಬ್ಬರೇ ಪೂರ್ತಿ ಹೆಣೆಯುತ್ತಿರಲಿಲ್ಲ. ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ತುಂಡು ತುಂಡಾಗಿ ಮಾಡಿ ಗುರುವಾರ ತಂದುಕೊಡುತ್ತಿದ್ದರು. ಜೆಲಿ ಕಿಟಕಿ ಪಕ್ಕ ಕೂತು ಹೊಲಿಗೆ ಕಾಣದ ಹಾಗೆ ಅವನ್ನು ಜೋಡಿಸುತ್ತಿದ್ದರು. ನೀವು ಕಾಲರ್ ಕೂಡಿಸುವಾಗ ಒಂದೇ ಒಂದು ಸುಕ್ಕು ಬಿದ್ದರೂ ಪೀಸು ಬಿಚ್ಚಿ ಸರಿಮಾಡೋಕೆ ವಾಪಸ್ ಬರುತ್ತಲ್ಲ, ಅಂಥದ್ದೇ ಕಣ್ಣು ಕೀಳುವ ಕೆಲಸ. ಜೆಲಿ ಬರೆದ ಇನ್ನೂರಕ್ಕೂ ಜಾಸ್ತಿ ಪತ್ರಗಳು ಉಳಿದಿವೆ. ಮಕ್ಕಳ ಹಟ, ಕೈಗೆ ಸಿಗದ ನಿದ್ದೆ, ಜೀವ ಹಿಂಡುವ ಲೇಸ್ ಆರ್ಡರು, ಎಲ್ಲದರ ಗೊಣಗಾಟ ಅದರಲ್ಲಿದೆ. ಗೊಣಗಿದವರು ಸಂತರಾಗಲ್ಲ ಅಂದುಕೊಂಡಿದ್ದರೆ ಆ ಪತ್ರಗಳನ್ನು ನೋಡಬೇಕು ನೀವು! 2015ರಲ್ಲಿ ಪೋಪ್ ಫ್ರಾನ್ಸಿಸ್ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಸಂತರೆಂದು ಸಾರಿದರು.

ಇನ್ನೊಂದು ಮಾತು. ಇದನ್ನು ನಿಮ್ಮ ಯಜಮಾನರಿಗೂ ಓದಿಸಿ. ಹೆಂಡತಿಯ ಲೇಸ್ ವ್ಯಾಪಾರ ಬೆಳೆದು ಒಬ್ಬಳ ಕೈಯಲ್ಲಿ ಆಗದಾದಾಗ, ಲೂಯಿ 1870ರಲ್ಲಿ ತನ್ನ ಗಡಿಯಾರದ ಅಂಗಡಿ ಮಾರಿ ಆಕೆಯ ಕೆಲಸಕ್ಕೆ ಹೆಗಲು ಕೊಟ್ಟರು. ಚರ್ಚಿನಲ್ಲಿ ನಾವು ಮಾಡುವ ಉಪದೇಶಗಳಲ್ಲಿ ಈ ಸಂಗತಿ ಯಾಕೋ ಬರೋದೇ ಕಮ್ಮಿ, ನಾನೂ ಎಷ್ಟೋ ವರ್ಷ ಹೇಳಿರಲಿಲ್ಲ. ತಾಳ್ಮೆ, ತ್ಯಾಗ ಅಂತೆಲ್ಲ ಹೆಂಗಸರಿಗಷ್ಟೇ ಹೇಳಿ ಮುಗಿಸೋದು ನಮಗೂ ಸುಲಭ. ಅತ್ತೆಯ ಸೇವೆ ದೇವರ ಸೇವೆ ಹೌದು, ಆದರೆ ಆಕೆ ನಿಮ್ಮ ಯಜಮಾನರ ಹೆತ್ತ ತಾಯಿ, ಆ ಸೇವೆ ನಿಮಗಿಂತ ಮೊದಲು ಅವರದ್ದು.

ಪವಿತ್ರತೆಗೆ ಗುರುಗಳು, ಸಿಸ್ಟರುಗಳನ್ನಷ್ಟೇ ಅಲ್ಲ, ಎಲ್ಲರನ್ನೂ ಕರೆದಿದೆ ಅಂತ ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬಿಡಿಸಿ ಹೇಳಿತು. ಆದರೂ ಪಾಪನಿವೇದನೆಗೆ ಬರುವ ತಾಯಂದಿರು ಇವತ್ತಿಗೂ ಮೊದಲು ಹೇಳೋದು "ಜಪಸರ ತಪ್ಪಿತು ಫಾದರ್" ಅಂತಲೇ. ಅದು ಪಾಪ ಅಲ್ಲಮ್ಮಾ. ಭಾನುವಾರದ ಪೂಜೆ ಕಡ್ಡಾಯ, ನಿಜ. ಆದರೆ ಹಾಸಿಗೆಯಲ್ಲಿರುವವರ ಹತ್ತಿರ ಬೇರೆ ಯಾರೂ ಇಲ್ಲದೆ ಅದು ತಪ್ಪಿದರೆ ಅದಕ್ಕೂ ವಿನಾಯಿತಿ ಇದೆ.

ಹಾಗಂತ ಕೆಲಸವೇ ಪ್ರಾರ್ಥನೆ ಅಂತ ಪ್ರಾರ್ಥನೆಯನ್ನೇ ಬಿಟ್ಟುಬಿಡಬೇಡಿ. ಒಲೆ ಹಚ್ಚುವಾಗ ಒಂದೇ ಮಾತು, "ಸ್ವಾಮಿ, ಇವತ್ತಿನ ದಿನ ನಿಮ್ಮದು" ಅನ್ನಿ. ಹತ್ತೇ ಮಣಿ ಸಾಕು, ಅದೂ ರಾತ್ರಿ ಬೇಡ, ಬಸ್ಸಿನಲ್ಲಿ ಹೇಳಿಕೊಳ್ಳಿ. ಪಕ್ಕದ ಮಿಷನ್ನಿನ ಹುಡುಗಿ ಟಾರ್ಗೆಟ್ ಆಗದೆ ಬೈಗುಳ ತಿಂದ ದಿನ ಅವಳ ಜೊತೆ ಕೂತು ಊಟ ಮಾಡಿ. ಮಕ್ಕಳ ಮೇಲೆ ಸುಮ್ನೆ ರೇಗಿದ್ದರೆ ಮಲಗೋ ಮುಂಚೆ ಅವರ ಹತ್ತಿರವೇ ತಪ್ಪಾಯ್ತು ಅನ್ನಿ. ಇದು ಜಪಸರಕ್ಕಿಂತ ಕಷ್ಟ, ಮಾಡಿ ನೋಡಿದವರಿಗೇ ಗೊತ್ತು.

ಅಂದಹಾಗೆ, ನಿಮ್ಮ ಅತ್ತೆಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸಿಗುತ್ತಿದೆಯಾ? ಕಾಗದದಲ್ಲಿ ಬರೆದಿಲ್ಲ ನೀವು. ನಿಮ್ಮ ಚರ್ಚಿನ ಗುರುಗಳಿಗೆ ಒಂದು ಮಾತು ಹೇಳಿ, ತಿಂಗಳ ಮೊದಲ ಶುಕ್ರವಾರ ಮನೆಗೇ ತಂದುಕೊಡುತ್ತಾರೆ. ಆವತ್ತು ಬೆಳಿಗ್ಗೆ ಅತ್ತೆಯ ಮೈ ಒರೆಸಿ, ಸೀರೆ ಉಡಿಸಿ ರೆಡಿ ಮಾಡೋದು ಯಜಮಾನರ ಪಾಲಿಗಿರಲಿ. ಆಟೋ ಒಂದು ಗಂಟೆ ತಡವಾಗಿ ಹೊರಟರೆ ಏನೂ ಆಗಲ್ಲ.