ಬೋರ್‌ವೆಲ್ ನೀರನ್ನು ಬಿಡಿ, ಮೊದಲು ಡಬ್ಬಿಯ ತಳ ನೋಡಿ

ಆಕ್ಸೊಲಾಟಲ್ (ಕಪ್ಪೆಯಂತೆ ಉಭಯಚರವಾದ, ನೀರಿನಲ್ಲೇ ಬದುಕುವ, ಬಾಲವಿರುವ ಪ್ರಾಣಿ) ಮೊಟ್ಟೆಯೊಡೆದು ವಾರವಾಗಿದೆ, ಮರಿಗಳು ಒಂದೊಂದಾಗಿ ಸಾಯುತ್ತಿವೆ, ದಾವಣಗೆರೆಯ ಗಡಸು ಬೋರ್‌ವೆಲ್ ನೀರೇ ಕಾರಣವಿರಬಹುದು, ಆರ್‌ಓ ನೀರು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳಿಂದ ಬಂದ ಈ ಪ್ರಾಣಿಗೆ ಖನಿಜವಿರುವ ನೀರೇ ಹಿತ. ಅದನ್ನೆಲ್ಲ ಸೋಸಿ ತೆಗೆದ ಆರ್‌ಓ ನೀರನ್ನು ಹಾಗೆಯೇ ಸುರಿದರೆ ಇದ್ದವೂ ಹೋಗುತ್ತವೆ.

ನಾನೂ ಇದೇ ಊರಿನಲ್ಲಿ ಇವುಗಳನ್ನು ಸಾಕುತ್ತೇನೆ. ನನ್ನ ಅನುಮಾನವೆಲ್ಲ ಉಳಿದ ಆಹಾರದ ಮೇಲೆ. ಎಳೆಯ ಮರಿಗಳು ಅಲುಗಾಡುವುದನ್ನು ಮಾತ್ರ ಹಿಡಿಯುವುದರಿಂದ ಆಗ ತಾನೇ ಹುಟ್ಟಿದ ಆರ್ಟೀಮಿಯಾ ಕೊಡುತ್ತೇವಲ್ಲ, ಅದು ಉಪ್ಪುನೀರಿನ, ಸೀಗಡಿಯಂಥ ಪುಟ್ಟ ಜೀವಿ. ಸಿಹಿನೀರಿಗೆ ಬಿದ್ದ ಕೆಲವು ಗಂಟೆಗಳಲ್ಲಿ ಸತ್ತು, ತಳದಲ್ಲಿ ಕಿತ್ತಳೆ ಬಣ್ಣದ ಧೂಳಾಗಿ ಕೂರುತ್ತದೆ; ಕೊಳೆತು ಅಮೋನಿಯ ಬಿಡುತ್ತದೆ. ನೀರಿನ ಪಿಎಚ್ ಮತ್ತು ತಾಪ ಏರಿದಷ್ಟೂ ಆ ಅಮೋನಿಯದ ಹೆಚ್ಚು ಪಾಲು ವಿಷರೂಪಕ್ಕೆ ತಿರುಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಇದು ಎಷ್ಟು ಬೇಗ ಆಗುತ್ತದೆಂದು ಬೇರೆ ಹೇಳಬೇಕಿಲ್ಲ.

ಆಹಾರ ಹಾಕಿ ಸ್ವಲ್ಪ ಹೊತ್ತಿನ ನಂತರ ಟಾರ್ಚ್ ಹಿಡಿದು ನೋಡಿ. ತಿಂದ ಮರಿಯ ಪಾರದರ್ಶಕ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣ ತುಂಬಿರುತ್ತದೆ. ಅದು ಕಂಡಿತೆಂದರೆ ಉಳಿದದ್ದನ್ನೆಲ್ಲ ಡ್ರಾಪರ್‌ನಿಂದ ಹೀರಿ ತೆಗೆಯಿರಿ. ದಿನಕ್ಕೊಮ್ಮೆ ನೀರನ್ನು ಪೂರ್ತಿ ಬದಲಿಸಿ. ಮರಿಗಳನ್ನು ಚಮಚದಲ್ಲಿ ನೀರಿನ ಸಮೇತ ಎತ್ತಿ ಹೊಸ ಡಬ್ಬಿಗೆ ಬಿಡಿ. ಬಲೆಯಲ್ಲಿ ಹಿಡಿದರೆ ಹೊರಗೆ ಚಾಚಿದ ಕಿವಿರುಗಳಿಗೆ ಪೆಟ್ಟಾಗುತ್ತದೆ. ಹೊಸ ನೀರನ್ನು ಹಿಂದಿನ ರಾತ್ರಿಯೇ ಅದೇ ಕೋಣೆಯಲ್ಲಿಟ್ಟರೆ ಎರಡರ ತಾಪವೂ ಸಮನಾಗುತ್ತದೆ. ಮಧ್ಯಾಹ್ನ ತಾರಸಿಯ ತೊಟ್ಟಿಯಿಂದ ನೇರವಾಗಿ ಹಿಡಿದ ನೀರು ಮಾತ್ರ ಬೇಡವೇ ಬೇಡ. ಪಾಲಿಕೆಯ ನಲ್ಲಿ ನೀರಾದರೆ ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ ಹಾಕಿ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ತಾಪ 16ರಿಂದ 18 ಡಿಗ್ರಿ ಇದ್ದರೆ ಒಳ್ಳೆಯದು. 24 ದಾಟಿದರೆ ಅಪಾಯ. ನಮ್ಮ ಒಣ ಗಾಳಿಯಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಕೆಲವು ಡಿಗ್ರಿ ಇಳಿಯುತ್ತದೆ, ಆದರೆ ಬೇಸಿಗೆಗೆ ಅದು ಸಾಲದು. ನೀರು ತಂಪಾಗಿಸುವ ಯಂತ್ರ (ಚಿಲ್ಲರ್) ಇಲ್ಲದಿದ್ದರೆ ಇಲ್ಲಿ ಮರಿ ಮಾಡಿಸುವ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆರ್ಟೀಮಿಯಾ ಮಾತ್ರ ಇದೇ ಸೆಕೆಯಲ್ಲಿ ಚೆನ್ನಾಗಿ ಮರಿಯಾಗುತ್ತದೆ, ಅದೊಂದು ತಮಾಷೆ.

ಮುಂಗಾಲು ಮೂಡಿದ ಮೇಲೆ ಒಂದರ ಕಾಲನ್ನು ಇನ್ನೊಂದು ಕಚ್ಚುತ್ತದೆ. ಗಾತ್ರ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿ. ಕಾಲು ಕಳೆದುಕೊಂಡದ್ದನ್ನು ಎಸೆಯಬೇಡಿ, ಮತ್ತೆ ಬೆಳೆಯುತ್ತದೆ.

ಇನ್ನೊಂದು ವಿಷಯ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಇವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಹುಟ್ಟಿದ ಮರಿಗಳ ಲೆಕ್ಕವನ್ನೂ ಕೊಡಬೇಕು. ಯಾರಿಗಾದರೂ ಮರಿ ಕೊಡುವ ಯೋಚನೆಯಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.